ಮಾವನವರ ಎರಡನೇ ಗೇರು

ಶಿರಸಿಯಿಂದ ಸಿದ್ದಾಪುರಕ್ಕೆ ಇಪ್ಪತ್ತು ಚಿಲ್ಲರೆ ಮೈಲಿ. ಈ ದಾರಿಯನ್ನು ಬಸ್ಸಿನಲ್ಲಿ ಬಂದವರಿದ್ದಾರೆ, ಎತ್ತಿನ ಗಾಡಿಯಲ್ಲಿ ಬಂದವರಿದ್ದಾರೆ, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ನಡೆದು ಬಂದವರೂ ಇದ್ದಾರೆ. ಆದರೆ ನಾಲ್ಕು ಗೇರಿನ ಮೋಟಾರ್ ಸೈಕಲ್ಲನ್ನು ಒಂದನೇ ಗೇರಿನಲ್ಲಿ ಹೊರಡಿಸಿ, ಎರಡನೆಯದು ಎಂಬುದೊಂದು ಉಂಟು ಎನ್ನುವುದನ್ನೇ ಲೆಕ್ಕಕ್ಕೆ ಇಟ್ಟುಕೊಳ್ಳದೆ, ಹಳ್ಳ ಹಾರಿದ ಹಾಗೆ ಮೂರನೆಯದಕ್ಕೆ ಹಾರಿ, ಏರು ಬಂದಲ್ಲಿ ಇಳಿದು ದೂಡಿ, ಕೊನೆಗೂ ಊರು ಮುಟ್ಟಿಸಿದವರು ಮೂರು ತಾಲೂಕಿನಲ್ಲಿ ಒಬ್ಬರೇ. ಅವರು ನನ್ನ ಮಾವನವರು. ಅಂದರೆ ಹೆಣ್ಣು ಕೊಟ್ಟ ಮಾವ.

ಅವರಿಗೆ ತಲೆ ಸ್ವಲ್ಪ ಸಡಿಲ ಎಂದು ಶಿರಸಿ ಪೇಟೆಯಲ್ಲಿ ಮಾತಿತ್ತು. ನಾನು ಅಳಿಯ, ಹಾಗೆಲ್ಲ ಒಪ್ಪಬಾರದು. ಒಪ್ಪುವುದೂ ಇಲ್ಲ. ಸಡಿಲವಾದದ್ದು ಯಾವುದನ್ನೂ ಅವರು ಹಾಗೇ ಬಿಟ್ಟವರಲ್ಲ! ಕಂಡವರ ಮನೆಯ ಕದದ ಅಗುಳಿ ಅಲ್ಲಾಡಿದರೂ ಕಿಸೆಯಿಂದ ಸ್ಕ್ರೂಡ್ರೈವರ್ ತೆಗೆಯುತ್ತಿದ್ದರು. ನಮ್ಮ ಮದುವೆಯಲ್ಲಿ ಧಾರೆಯ ಹೊತ್ತಿಗೆ ಅವರು ಕಾಣೆಯಾಗಿ, ಹುಡುಕಿದರೆ, ಚಪ್ಪರದ ಹಿಂದೆ ವಾಲಗದವನ ಶ್ರುತಿಪೆಟ್ಟಿಗೆಯನ್ನು ಬಿಚ್ಚಿಕೊಂಡು ಕೂತಿದ್ದರಂತೆ. ಧಾರೆ ಮುಗಿದು ಅರ್ಧ ತಾಸಿನ ಮೇಲೆ ಶ್ರುತಿ ಬಹಳ ಚೆನ್ನಾಗಿ ಬಂತು ಎನ್ನುತ್ತಾರೆ.

ವೃತ್ತಿಯಿಂದ ಅವರು ಗಡಿಯಾರ ರಿಪೇರಿಯವರು. ಮೂಲ ಬನವಾಸಿ ಕಡೆಯವರು, ಶಿರಸಿ ಪೇಟೆಯಲ್ಲಿ ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕಾದಷ್ಟು ಅಗಲದ ಒಂದು ಅಂಗಡಿ ಇಟ್ಟಿದ್ದರು. ಗೋಡೆಯ ತುಂಬ ಗಡಿಯಾರ. ಎಲ್ಲವೂ ಚಿಕಿತ್ಸೆಯಲ್ಲಿದ್ದವಾದ್ದರಿಂದ ಒಂದರ ಹಾಗೆ ಇನ್ನೊಂದಿಲ್ಲ. ಬಸ್ಸಿಗೆ ಹೊರಟವರು ಯಾರಾದರೂ ಗಂಟೆ ಎಷ್ಟಾಯಿತು ಎಂದು ಕೇಳಿದರೆ ಮಾವನವರು ತಲೆಯೆತ್ತಿ, ಯಾವ ಗಡಿಯಾರದ್ದು ಎಂದು ಕೇಳುತ್ತಿದ್ದರು. ಅವರೊಡನೆ ವಾದಕ್ಕೆ ನಿಂತು ಬಸ್ಸು ತಪ್ಪಿಸಿಕೊಂಡವರು ಕಡಿಮೆಯಲ್ಲ.

ಅವರದೊಂದು ಸಿದ್ಧಾಂತವಿತ್ತು. ಹಲ್ಲಿನ ಚಕ್ರ ಅಂದಮೇಲೆ ಹಲ್ಲಿನ ಚಕ್ರವೇ. ಸಣ್ಣದಿದ್ದರೆ ಕೈಗಡಿಯಾರ, ದೊಡ್ಡದಿದ್ದರೆ ಫಟಫಟಿ, ಇನ್ನೂ ದೊಡ್ಡದಿದ್ದರೆ ಕಬ್ಬಿನ ಗಾಣ. ಒಂದನ್ನು ಬಲ್ಲವ ಎಲ್ಲವನ್ನೂ ಬಲ್ಲ. ಈ ಸಿದ್ಧಾಂತ ಬಾಯಲ್ಲಿ ಇರುವ ತನಕ ಯಾರಿಗೂ ತೊಂದರೆಯಿರಲಿಲ್ಲ. ನಮ್ಮ ಜಿಲ್ಲೆ ಮುಂಬಯಿಯನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ಅದು ಕಾರ್ಯರೂಪಕ್ಕೆ ಬಂತು. ಮರದ ವ್ಯಾಪಾರದವರೊಬ್ಬರ ಹತ್ತಿರ ಯುದ್ಧದ ಕಾಲದ್ದೊಂದು ಮೋಟಾರ್ ಸೈಕಲ್ಲಿತ್ತು. ಮೈಯೆಲ್ಲ ಮಿಲಿಟರಿ ಬಣ್ಣ, ಯಾವ ದೇಶದ ಯಾವ ಮರಳುಗಾಡಿನಲ್ಲಿ ಓಡಿತ್ತೋ ಏನೋ. ಮಾರುವಾಗ ಅವರು ಪ್ರಾಮಾಣಿಕವಾಗಿಯೇ ಹೇಳಿದ್ದರು, ಇದರ ಎರಡನೇ ಗೇರು ನಿಲ್ಲುವುದಿಲ್ಲ, ಹಾಕಿದ ಅರೆಗಳಿಗೆಗೆ ಟಕ್ಕೆಂದು ಬಿಟ್ಟುಕೊಳ್ಳುತ್ತದೆ, ನೀವು ತೆಗೆದುಕೊಳ್ಳಬೇಡಿ ಎಂದು. ಆ ಮಾತು ಕೇಳಿಯೇ ಮಾವನವರು ಅದನ್ನು ತೆಗೆದುಕೊಂಡದ್ದು. ಸರಿಯಾಗಿರುವ ಗಾಡಿಯನ್ನು ಮನೆಗೆ ತಂದು ಮಾಡುವುದಾದರೂ ಏನು?

ನನ್ನ ಮದುವೆ ಮರುವರ್ಷ. ನಾನು ಸಿದ್ದಾಪುರದಲ್ಲಿ ಹೈಸ್ಕೂಲು ಮಾಸ್ತರ, ವಿಷಯ ಗಣಿತ. ಹೆಣ್ಣು ನೋಡಲು ಹೋದ ದಿನ ಅಂಗಡಿಯ ಮುಂದೆ ಆ ಗಾಡಿ ಹೊಟ್ಟೆ ಬಿಚ್ಚಿಕೊಂಡು ನಿಂತಿತ್ತು, ಹುಡುಗಿ ಅದರ ಪಕ್ಕ ಕೂತು ನಟ್ಟುಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದಳು. ಒಬ್ಬಳೇ ಮಗಳು, ಕೈಕೂಸಿದ್ದಾಗಿನಿಂದ ಅಂಗಡಿಯಲ್ಲೇ ಬೆಳೆದವಳು, ಅಪ್ಪ ಕೈಚಾಚಿದರೆ ಯಾವ ಚಿಮಟ ಬೇಕು ಎಂದು ಕೇಳದೆ ಕೊಡುವವಳು. ಹುಡುಗಿ ಒಪ್ಪಿಗೆಯಾದಳು. ಗಾಡಿಯ ಬಗ್ಗೆ ನನ್ನನ್ನು ಯಾರೂ ಕೇಳಲಿಲ್ಲ.

ಕೇಳದಿದ್ದದ್ದರ ಪರಿಣಾಮ ಮೊದಲ ದೀಪಾವಳಿಗೆ ಗೊತ್ತಾಯಿತು. ಹಬ್ಬ ಮುಗಿಸಿ ಹೆಂಡತಿಯನ್ನು ಒಂದು ವಾರ ತವರಿನಲ್ಲಿ ಬಿಟ್ಟು, ನಾನು ಶಾಲೆ ಸುರುವಾಗುವುದರೊಳಗೆ ಹೊರಡಬೇಕಿತ್ತು. ಬಸ್ಸಿತ್ತು. ಬೇಕಾದಷ್ಟು ಬಸ್ಸಿದ್ದವು! ಆದರೆ ಹೊಸ ಅಳಿಯನನ್ನು ಬಸ್ಸಿನಲ್ಲಿ ಕಳಿಸಿದರೆ ನಾಲ್ಕು ಜನ ಏನೆಂದಾರು ಎಂದು ಮಾವನವರು ಗಾಡಿ ತೆಗೆದರು. ಜರಿಯಂಚಿನ ಹೊಸ ಧೋತರ ಉಟ್ಟು, ಕೈಯಲ್ಲಿ ಕೊಡೆ ಹಿಡಿದು ನಾನು ಹಿಂದೆ ಕೂತೆ.

ಊರು ದಾಟಿ ಮೊದಲ ಏರು ಬಂತು. ಮಾವನವರು ಬಲಗಾಲಿನಿಂದ ಎರಡನೇ ಗೇರು ಹಾಕಿದರು. ಟಕ್ಕೆಂದಿತು. ಇಂಜಿನ್ನು ಊರಿಗೇ ಕೇಳುವ ಹಾಗೆ ಕಿರುಚಿತು, ಗಾಡಿ ನಿಂತಲ್ಲೇ ನಿಂತಿತು. ಮತ್ತೆ ಹಾಕಿದರು, ಮತ್ತೆ ಟಕ್. ಐದಾರು ಸಲ ಆದ ಮೇಲೆ ಅವರು ಇಳಿದು, ಗಾಡಿಯನ್ನು ಒಂದು ಸುತ್ತು ಬಂದು, ನನ್ನನ್ನೂ ಒಂದು ಸುತ್ತು ನೋಡಿ, ನನ್ನ ಕೊಡೆಯ ಮೇಲೆ ದೃಷ್ಟಿ ನಿಲ್ಲಿಸಿದರು.

"ಅಳಿಯಂದ್ರ, ಈ ಹಿಡಿಕಿ ಬಾಗೇತಲ್ಲ, ಭಾಳ ಚಲೋ ಆತು" ಎಂದರು.

ಅವರ ಯೋಜನೆ ಸರಳವಾಗಿತ್ತು. ಗೇರು ತಾನಾಗಿ ನಿಲ್ಲುವುದಿಲ್ಲ, ಯಾರಾದರೂ ಹಿಡಿದುಕೊಂಡರೆ ನಿಲ್ಲುತ್ತದೆ. ಓಡಿಸುವವರಿಗೆ ಹಿಡಿದುಕೊಂಡಿರಲು ಆಗುವುದಿಲ್ಲ, ಹಿಂದೆ ಕೂತವರಿಗೆ ಬೇರೇನು ಕೆಲಸ? ಹಾಗಾಗಿ ನಾನು ಬಲಗಡೆಗೆ ಬಾಗಿ, ಕೊಡೆಯನ್ನು ತಲೆಕೆಳಗು ಮಾಡಿ, ಹಿಡಿಕೆಯ ಕೊಕ್ಕೆಯನ್ನು ಗೇರಿನ ಕಡ್ಡಿಗೆ ಸಿಕ್ಕಿಸಿ, ಏರು ಮುಗಿಯುವ ತನಕ ಮೇಲಕ್ಕೆ ಎಳೆದುಕೊಂಡು ಇರಬೇಕು. ಅವರು ಬಿಡಿ ಎಂದಾಗ ಬಿಡಬೇಕು. ಹೊಸ ಅಳಿಯ ಇಲ್ಲ ಎನ್ನಲಾದೀತೇ? ಆ ದಾರಿಯಲ್ಲಿ ಎಷ್ಟು ಏರಿವೆ ಎಂಬುದು ನನ್ನ ಸೊಂಟಕ್ಕೆ ಇವತ್ತಿಗೂ ನೆನಪಿದೆ. ಒಂದು ಕಡೆ ಶಿರಸಿಗೆ ಹೋಗುವ ಬಸ್ಸು ಎದುರಾಯಿತು. ಅದರಲ್ಲಿ ನಮ್ಮ ಹೆಡ್‌ಮಾಸ್ತರರು ಇದ್ದರೆಂದು ನನಗೆ ತಿಳಿದದ್ದು ಎರಡು ದಿನದ ಮೇಲೆ. ಅವರು ಹಾಜರಿ ಪುಸ್ತಕ ನನ್ನ ಮುಂದೆ ಸರಿಸುತ್ತ, ಬಹಳ ಗಂಭೀರವಾಗಿ, ರಸ್ತೆಯ ಮೇಲೆ ಮೀನು ಸಿಕ್ಕಿತೇ ಎಂದು ವಿಚಾರಿಸಿದರು.

ಆ ಚಳಿಗಾಲವೆಲ್ಲ ಮಾವನವರ ಸಂಶೋಧನೆ ನಡೆಯಿತು. ವೈದ್ಯರು ಮೊದಲು ನಾಡಿ ನೋಡುವ ಹಾಗೆ ಇವರು ಮೊದಲು ಕ್ಲಚ್ಚಿನ ತಂತಿ ನೋಡಿದರು. ತಂತಿ ಸಡಿಲವಾಗಿ ಗೇರು ಪೂರ್ತಿ ಕೂರುತ್ತಿಲ್ಲ ಎಂದು ತೀರ್ಮಾನವಾಯಿತು. ತಂತಿಯನ್ನು ವೀಣೆಯ ತಂತಿಯ ಹಾಗೆ ಬಿಗಿದರು, ಬೆರಳಿನಿಂದ ಮೀಟಿದರೆ ನಾದ ಬರುತ್ತಿತ್ತು. ಗೇರು ಮಾತ್ರ ಬರಲಿಲ್ಲ. ಆಮೇಲೆ ಕಡ್ಡಿ ಕೂರುವ ಹಲ್ಲು ಸವೆದಿದೆಯೇನೋ ಎಂದು ಅದಕ್ಕೆ ತಗಡು ತುರುಕಿದರು. ಆಮೇಲೆ ಎಣ್ಣೆಯ ಸರದಿ. ಪೇಟೆಯಲ್ಲಿ ಸಿಗುವ ಎಣ್ಣೆ ತೆಳು, ಹಲ್ಲಿಗೆ ಅಂಟಿಕೊಂಡು ನಿಲ್ಲುವ ದಪ್ಪ ಎಣ್ಣೆ ಬೇಕು ಎಂದು ಅತ್ತೆಯವರ ಹರಳೆಣ್ಣೆಯನ್ನು ಗೇರಿನ ಪೆಟ್ಟಿಗೆಗೆ ಸುರಿದರು. ಹರಳೆಣ್ಣೆ ಕುಡಿಸಿದರೆ ಏನಾಗುತ್ತದೆ ಎಂದು ನಿಮಗೆ ಬಿಡಿಸಿ ಹೇಳಬೇಕೇ? ಗಾಡಿಗೂ ಅದೇ ಆಯಿತು. ಶಿರಸಿಯಿಂದ ಸಿದ್ದಾಪುರದ ತನಕ ರಸ್ತೆಯ ಮೇಲೆ ಸಣ್ಣಗೆ ಒಂದೇ ಗೆರೆ.

ಬಿಗಿದ ತಂತಿ ಎಷ್ಟು ದಿನ ತಡೆದೀತು? ಅದು ಒಂದು ಸಂತೆಯ ದಿನ ಸಿದ್ದಾಪುರದ ಪೇಟೆಯ ನಡುವೆ, ಮಾವನವರು ಗಾಡಿಯ ಮೇಲೆ ಇರುವಾಗಲೇ ಹರಿಯಿತು. ಕ್ಲಚ್ಚು ಇಲ್ಲದೆ ಗಾಡಿಯನ್ನು ನಿಲ್ಲಿಸಬೇಕೆಂದರೆ ಇಂಜಿನ್ನು ಆರಿಸಬೇಕು, ಆರಿಸಿದರೆ ಮತ್ತೆ ಹೊರಡಿಸಲು ಮೂರು ಜನ ದೂಡಬೇಕು. ಅವರಿಗೋ ಆ ದಿನ ನಾಲ್ಕು ಜನರ ಹತ್ತಿರ ಕೆಲಸವಿತ್ತು. ಅವರು ನಿಲ್ಲಿಸಲೇ ಇಲ್ಲ. ಪೇಟೆಯನ್ನು ಸುತ್ತುತ್ತ ಸುತ್ತುತ್ತ ಒಂದೊಂದು ಸುತ್ತಿಗೆ ಒಂದೊಂದು ಮಾತಿನಂತೆ ಎಲ್ಲ ಕೆಲಸ ಮುಗಿಸಿದರು. ಕಿರಾಣಿ ಅಂಗಡಿಯ ಶಾನಭಾಗರಿಗೆ ಮೊದಲ ಸುತ್ತಿನಲ್ಲಿ, ನಿಮ್ಮ ಗಡಿಯಾರದ ಸ್ಪ್ರಿಂಗು ಹೋಗೇತಿ ಎಂದರು. ಎರಡನೇ ಸುತ್ತಿನಲ್ಲಿ, ಹೊಸದು ಹುಬ್ಬಳ್ಳಿಯಿಂದ ಬರಬೇಕು ಎಂದರು. ಶಾನಭಾಗರು ಎಂದಿಗೆ ಬರುತ್ತದೆ ಎಂದು ಕೂಗಿದ್ದಕ್ಕೆ ಉತ್ತರ ಮೂರನೇ ಸುತ್ತಿನಲ್ಲಿ ಬರುವಷ್ಟರಲ್ಲಿ, ಆ ಜಾಗದಲ್ಲಿ ಬೆಲ್ಲ ಕೊಳ್ಳಲು ಬಂದ ಹೆಂಗಸೊಬ್ಬಳು ನಿಂತಿದ್ದಳು. ಮುಂದಿನ ಮಂಗಳವಾರ ಖಂಡಿತ ತರುತ್ತೇನೆ, ಯಾರಿಗೂ ಕೊಡಬೇಡಿ ಎಂದು ಹೇಳಿ ಹೋದ ಈ ಅಪರಿಚಿತ ಯಾರಿರಬಹುದು ಎಂದು ಆಕೆ ಬಹಳ ಹೊತ್ತು ದಾರಿ ನೋಡುತ್ತ ನಿಂತಿದ್ದಳಂತೆ.

ಇಷ್ಟಾದರೂ ಅವರು ಗಾಡಿಯನ್ನು ಬೇರೆ ಯಾರ ಕೈಗೂ ಕೊಡಲೊಲ್ಲರು. ಆ ಬೇಸಿಗೆಯಲ್ಲಿ ಯಲ್ಲಾಪುರದಲ್ಲಿ ಒಂದು ಮದುವೆಗೆ ಹೋಗಿದ್ದೆವು. ವಾಪಸು ಹೊರಡುವಾಗ ಗಾಡಿ ಹಠ ಹಿಡಿಯಿತು. ಅದು ನಿಂತ ಜಾಗದ ಎದುರಿಗೇ ಇಮಾಮ್‌ಸಾಬರ ಗ್ಯಾರೇಜು. ಇಮಾಮ್‌ಸಾಬರು ಲಾರಿಗಳ ಮಿಸ್ತ್ರಿ. ಕಿರವತ್ತಿಯ ಕಡೆಯಿಂದ ಮರ ಹೊತ್ತು ಬರುವ ಲಾರಿಗಳೆಲ್ಲ ಅವರ ಕೈಯಲ್ಲೇ ಗುಣವಾಗುವುದು. ದೊಡ್ಡ ಆಳು, ಸಣ್ಣ ದನಿ. ಅವರು ಬಂದು, ಏನೂ ಕೇಳದೆ, ಗಾಡಿ ಹತ್ತಿ ಐವತ್ತು ಮಾರು ಹೋಗಿ ತಿರುಗಿ ಬಂದರು. ಎರಡನೇ ಗೇರಿನ ಹಲ್ಲಿನ ಮೂಲೆ ಸವೆದು ಉರುಟಾಗಿದೆ, ಅದನ್ನು ಸರಿಸುವ ಕವಲುಕಡ್ಡಿ ಬಾಗಿದೆ, ಎರಡನ್ನೂ ಹೊಸದು ಹಾಕಬೇಕು, ಬೇರೆ ಏನು ಮಾಡಿದರೂ ವ್ಯರ್ಥ ಎಂದು ಹೇಳಿದರು.

ಮಾವನವರಿಗೆ ಸಿಟ್ಟು ಬಂತು. ಬಿಚ್ಚಿ ನೋಡದೆ ಒಳಗಿನದ್ದು ಹೇಗೆ ಗೊತ್ತಾಯಿತು ಎಂದು ಕೇಳಿದರು.

ಇಮಾಮ್‌ಸಾಬರು ಕೈ ಒರೆಸಿಕೊಳ್ಳುತ್ತ, "ನೀವು ಗಡಿಯಾರ ಕಿವಿಗಿಟ್ಟು ಹೇಳ್ತೀರಲ್ಲ ಸಾವ್ಕಾರ್ರ, ನಾನು ಕುಂಡಿಗಿಟ್ಟು ಹೇಳ್ತೀನಿ" ಎಂದರು.

ಮಾವನವರು ಹೇಗೋ ಗಾಡಿ ಹೊರಡಿಸಿ ಮಂಚಿಕೇರಿ ದಾಟಿಸಿದರು. ಆಮೇಲೆ, ಮನುಷ್ಯ ಜಾಣ ಅದಾನ ಎಂದರು. ಹಾಗಾದರೆ ಅವರಿಗೇ ಕೊಡಬಹುದಲ್ಲ ಎಂದು ನಾನು ಧೈರ್ಯ ಮಾಡಿ ಹೇಳಿದೆ. ಅದು ಆಗುವ ಮಾತಲ್ಲ ಎಂದರು. ಇಪ್ಪತ್ತೆಂಟು ವರ್ಷದಲ್ಲಿ ಅವರ ಅಂಗಡಿಗೆ ಬಂದ ಒಂದು ಗಡಿಯಾರವೂ ಇನ್ನೊಬ್ಬರ ಕೈಗೆ ಹೋಗಿ ಗುಣವಾದದ್ದಿಲ್ಲವಂತೆ. ಗುಣವಾಗದೆ ಇದ್ದವು ಅವರ ಗೋಡೆಯ ಮೇಲೆಯೇ ಇದ್ದವು ಎಂಬುದು ಬೇರೆ ವಿಷಯ.

ಆ ಮಳೆಗಾಲ ನನ್ನ ಹೆಂಡತಿ ಗರ್ಭಿಣಿಯಾಗಿದ್ದಳು. ಏಳು ತುಂಬಿದ ಮೇಲೆ ಬಾಣಂತನಕ್ಕೆ ತವರಿಗೆ ಕರೆದೊಯ್ಯಲು ಅತ್ತೆ ಮಾವ ಬಂದರು. ಅತ್ತೆ ಮಗಳನ್ನು ಕರೆದುಕೊಂಡು ಬಸ್ಸಿನಲ್ಲಿ ಹೊರಟರೆ ಮಾವನವರು ಆ ಬಸ್ಸಿನ ಮುಂದೆ ಮುಂದೆ ಫಟಫಟಿಯಲ್ಲಿ ಹೊರಟರು. ದಾರಿಯಲ್ಲಿ ಹೊಂಡ ಕಂಡಲ್ಲೆಲ್ಲ ಕೈಯೆತ್ತಿ ಬಸ್ಸನ್ನು ನಿಧಾನ ಮಾಡಿಸುವುದು, ದನ ಕಂಡರೆ ಇಳಿದು ಅಟ್ಟುವುದು. ಮಂತ್ರಿ ಬಂದರೂ ಅಂಥ ಮರ್ಯಾದೆ ಸಿಗಲಿಕ್ಕಿಲ್ಲ. ಏರುಗಳಲ್ಲಿ ಮಾತ್ರ ಇವರು ನಿಂತುಬಿಡುವುದರಿಂದ ಬಸ್ಸೂ ನಿಲ್ಲಬೇಕಾಗಿ, ಕೊನೆಗೆ ಡ್ರೈವರು ತಾನೇ ಇಳಿದು ಬಂದು ಅವರ ಗಾಡಿಯನ್ನು ಏರು ಹತ್ತಿಸಿಕೊಟ್ಟನಂತೆ. ನನ್ನ ಹೆಂಡತಿ ಅದನ್ನು ಕಾಗದದಲ್ಲಿ ಬರೆದಿದ್ದಳು. ನಕ್ಕು ನಕ್ಕು ಹೊಟ್ಟೆಯಲ್ಲಿದ್ದದ್ದೂ ಒದೆಯಿತು ಎಂದು ಬರೆದಿದ್ದಳು.

ಗಂಡು ಮಗು ಹುಟ್ಟಿತು. ಒಂದು ದಿನ ಇತ್ತು.

ಇದರ ಬಗ್ಗೆ ನಾನು ಹೆಚ್ಚು ಬರೆಯಲಾರೆ. ಮೂರು ತಿಂಗಳು ಕಳೆದು ಹೆಂಡತಿ ಸಿದ್ದಾಪುರಕ್ಕೆ ಬಂದಳು. ಕರೆದರೆ ಬರುತ್ತಿದ್ದಳು, ಕೇಳಿದರೆ ಉತ್ತರ ಕೊಡುತ್ತಿದ್ದಳು, ಅಡಿಗೆಗೆ ಉಪ್ಪು ಹುಳಿ ಎಲ್ಲ ಸರಿಯಾಗಿಯೇ ಬೀಳುತ್ತಿತ್ತು. ಅಷ್ಟು ಬಿಟ್ಟರೆ ಮನೆಯಲ್ಲಿ ಮಾತೇ ಇಲ್ಲ. ನಾನು ಮಕ್ಕಳ ಉತ್ತರಪತ್ರಿಕೆಗಳ ಹಿಂದೆ ಅಡಗಿ ಕೂರುತ್ತಿದ್ದೆ. ಅತ್ತೆಯವರು ಯುಗಾದಿಗೆ ಬಾ ಎಂದು ಹೇಳಿ ಕಳಿಸಿದರೆ, ಆ ಮನೆಯ ನಡುಮನೆ ದಾಟಲು ತನ್ನಿಂದಾಗುವುದಿಲ್ಲ ಎಂದಳು.

ಹೀಗಿರುವಾಗ ಒಂದು ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಫಟಫಟಿಯ ಸದ್ದಾಯಿತು. ಮಾವನವರು ಗಾಡಿ ನಿಲ್ಲಿಸಿ, ಒಳಗೆ ಬಂದು ನೀರು ಕುಡಿದು, ಎರಡನೆಯದು ಮತ್ತೆ ಕೈಕೊಟ್ಟಿತು, ಇಲ್ಲೇ ಬಿಚ್ಚಿ ನೋಡುತ್ತೇನೆ ಎಂದರು. ಶಿರಸಿಯಿಂದ ಅಷ್ಟು ದೂರ ಸರಿಯಾಗಿ ಬಂದ ಗಾಡಿ, ನಮ್ಮ ಅಂಗಳಕ್ಕೇ ಬಂದು ಕೆಡಬೇಕೇ! ಗೋಣಿಚೀಲ ಹಾಸಿ, ಗೇರಿನ ಪೆಟ್ಟಿಗೆ ಬಿಚ್ಚಿ, ಕಣ್ಣಿಗೆ ಗಡಿಯಾರದ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತರು. ಸಂಜೆ ಜೋಡಿಸಿಕೊಂಡು ಹೋದರು. ಮುಂದಿನ ಭಾನುವಾರ ಮತ್ತೆ ಬಂದರು. ಅದರ ಮುಂದಿನ ಭಾನುವಾರವೂ ಬಂದರು!

ನಮ್ಮ ಅಂಗಳ ಅಂಗಳವಾಗಿ ಉಳಿಯಲಿಲ್ಲ. ತುಳಸಿಕಟ್ಟೆಯ ಮೇಲೆ ಹಲ್ಲಿನ ಚಕ್ರಗಳು, ಹಪ್ಪಳದ ತಟ್ಟೆಯಲ್ಲಿ ನಟ್ಟುಗಳು, ಹೊಸ್ತಿಲಿನಿಂದ ಬಾವಿಕಟ್ಟೆಯ ತನಕ ಸೀಮೆಎಣ್ಣೆಯ ವಾಸನೆ. ಮಾವನವರು ಕೂತಲ್ಲಿಂದಲೇ ಒಳಗಿದ್ದ ಮಗಳನ್ನು ಕೂಗುತ್ತಿದ್ದರು. ತಂಗೀ, ಒಂದು ತಟ್ಟೆ ತಾರವ್ವಾ. ತಂಗೀ, ಒಂದು ಹಳೇ ಅರಿವಿ. ತಂಗೀ, ಈ ತುದಿ ಒಂಚೂರು ಹಿಡಿ. ಮೊದಲ ವಾರ ಅವಳು ತಟ್ಟೆಯನ್ನು ಹೊಸ್ತಿಲಲ್ಲಿಟ್ಟು ಒಳಗೆ ಹೋದಳು. ಎರಡನೇ ವಾರ ತುದಿ ಹಿಡಿದಳು. ಮೂರನೇ ವಾರ ಒಂದು ಸ್ಪ್ರಿಂಗು ಅವರ ಕೈಯಿಂದ ಜಿಗಿದು, ಬೇಲಿ ದಾಟಿ, ಎಲ್ಲಿ ಬಿತ್ತೋ ಕಾಣದಾಯಿತು. ಇಬ್ಬರೂ ಮಧ್ಯಾಹ್ನದ ತನಕ ಹುಲ್ಲು ಕೆದಕಿದರು. ಊಟದ ಹೊತ್ತಿಗೆ ಪಕ್ಕದ ಮನೆಯ ಗಂಗಕ್ಕ ಸೌಟಿನಲ್ಲಿ ಅದನ್ನು ಹಿಡಿದುಕೊಂಡು ಬಂದರು. ಹಿತ್ತಿಲ ಒಲೆಯ ಮೇಲಿದ್ದ ಹುಳಿಯಲ್ಲಿ ಸಿಕ್ಕಿತಂತೆ. ಹೀರೇಕಾಯಿಯ ನಾರು ಎಂದುಕೊಂಡು ಒಂದು ತಾಸು ಬೇಯಿಸಿದರೂ ಮೆತ್ತಗಾಗಲಿಲ್ಲ, ಅದಕ್ಕೇ ಅನುಮಾನ ಬಂತು ಎಂದರು.

ನಾಲ್ಕನೇ ವಾರವೋ ಐದನೆಯದೋ, ನಾನು ಜಗಲಿಯಲ್ಲಿ ಪತ್ರಿಕೆ ತಿದ್ದುತ್ತಿದ್ದೆ. ಅಂಗಳದಿಂದ ಹೆಂಡತಿಯ ದನಿ ಕೇಳಿತು.

"ಅಪ್ಪಾ, ಅದನ್ನ ಉಲ್ಟಾ ಹಾಕೀರಿ."

ಉಲ್ಟಾ ಅಲ್ಲ ಎಂದು ಅವರು, ಉಲ್ಟಾವೇ ಎಂದು ಅವಳು. ಕೊನೆಗೆ ಅವಳು ಅವರ ಕೈಯಿಂದ ಚಕ್ರವನ್ನು ಕಿತ್ತುಕೊಂಡು ತಾನೇ ತಿರುಗಿಸಿ ಹಾಕಿದಳು. ಆವತ್ತು ಎಲ್ಲ ಜೋಡಿಸಿದ ಮೇಲೆ ಗೋಣಿಯ ಮೇಲೆ ಒಂದು ವಾಶರು ಉಳಿದುಬಿಟ್ಟಿತು. ಮಾವನವರು ಅದನ್ನು ಬಿಸಿಲಿಗೆ ಹಿಡಿದು ನೋಡಿ, ಇದು ಹೆಚ್ಚಿನದು, ಗಾಡಿ ಮಾಡಿದವರು ಮರೆತು ಒಳಗೆ ಬಿಟ್ಟಿದ್ದರು ಎಂದು ತೀರ್ಪು ಕೊಟ್ಟರು. ಹೆಂಡತಿ ಸೆರಗು ಬಾಯಿಗೆ ಹಿಡಿದಳು. ನಕ್ಕದ್ದೇ ಇರಬೇಕು. ನನಗೆ ಅದನ್ನು ಗಮನಿಸುವ ವ್ಯವಧಾನ ಎಲ್ಲಿತ್ತು? ಜಗಲಿಯ ಅಂಚಿನಲ್ಲಿಟ್ಟಿದ್ದ ಸೀಮೆಎಣ್ಣೆಯ ತಟ್ಟೆಯನ್ನು ಮೆಟ್ಟಿ, ಹತ್ತನೇ ಇಯತ್ತೆಯ ಬೀಜಗಣಿತದ ಪತ್ರಿಕೆಗಳ ಮೇಲೆ ಬಿದ್ದು, ಪತ್ರಿಕೆಗಳೆಲ್ಲ ನೆನೆದು, ಯಾರ ಅಂಕ ಯಾರಿಗೆ ಎಂದು ತಿಳಿಯದೆ ನಾನು ಉರಿಯುತ್ತಿದ್ದೆ.

ಆ ಸಂಜೆ ಅವರು ಹೊರಟಾಗ ಗೇಟಿನ ಹತ್ತಿರ ನಿಲ್ಲಿಸಿ ಮಾತಾಡಿದೆ. ಅಳಿಯ ಆಡಬಾರದ ಮಾತನ್ನೇ ಆಡಿದೆ. ಎರಡು ವರ್ಷವಾಯಿತು, ಒಂದು ಗೇರು ನಿಮ್ಮ ಕೈಯಲ್ಲಿ ಸರಿಯಾಗಲಿಲ್ಲ, ಆಗುವುದೂ ಇಲ್ಲ, ಬಿಟ್ಟುಬಿಡಿ, ಭಾನುವಾರ ಒಂದು ದಿನವಾದರೂ ಮನೆ ಮನೆಯ ಹಾಗಿರಲಿ ಎಂದೆ. ಅವರಿಗೆ ಸಿಟ್ಟು ಬರುತ್ತದೆ ಎಂದುಕೊಂಡಿದ್ದೆ. ಅವರು ಹ್ಯಾಂಡಲ್ಲಿನ ಮೇಲಿನ ಧೂಳನ್ನು ಬೆರಳಿನಿಂದ ಒರೆಸಿದರು.

"ಆಗ್ತೈತಿ ಅಳಿಯಂದ್ರ. ಸಾವಕಾಶ ಆಗ್ತೈತಿ" ಎಂದು ಹೇಳಿ ಹೊರಟುಹೋದರು.

ಆ ಎಪ್ರಿಲ್ಲಿನಲ್ಲಿ ನನಗೆ ಯಲ್ಲಾಪುರದಲ್ಲಿ ಪರೀಕ್ಷೆಯ ಮೇಲ್ವಿಚಾರಣೆ ಬಿತ್ತು. ನಾಲ್ಕು ದಿನದ ಕೆಲಸ. ಮೂರನೇ ದಿನ ಮಧ್ಯಾಹ್ನ ಇಮಾಮ್‌ಸಾಬರ ಗ್ಯಾರೇಜಿಗೆ ಹೋದೆ. ನೀವೇ ಒಮ್ಮೆ ಶಿರಸಿಗೆ ಬಂದು, ಏನಾದರೂ ನೆಪ ಹೇಳಿ, ಆ ಗೇರನ್ನು ಸರಿಮಾಡಿ ನಮ್ಮನ್ನು ಉಳಿಸಬೇಕು ಎಂದು ಕೈಮುಗಿಯುವುದು ನನ್ನ ಉದ್ದೇಶ. ಅವರು ಲಾರಿಯ ಅಡಿಯಿಂದ ತೆವಳಿ ಹೊರಬಂದು, ನನ್ನ ಮಾತನ್ನೆಲ್ಲ ಕೇಳಿ, ಅರ್ಥವಾಗದವರ ಹಾಗೆ ನೋಡಿದರು.

"ಯಾವ ಗೇರು ಮಾಸ್ತರ? ಅದನ್ನ ನಾನು ಮಾಡಿಕೊಟ್ಟು ಎಂಟು ತಿಂಗಳಾತಲ್ಲ."

ಮಗಳನ್ನು ಬಾಣಂತನಕ್ಕೆ ಕರೆತಂದ ಮರುದಿನವೇ ಮಾವನವರು ಗಾಡಿ ತಂದು ಅವರ ಮುಂದೆ ನಿಲ್ಲಿಸಿದ್ದರಂತೆ. ಹೆರಿಗೆಯ ಹೊತ್ತಿಗೆ ಡಾಕ್ಟರನ್ನು ಕರೆಯಲು ಹೋಗಬೇಕಾದೀತು, ಆ ದಿನ ಇದು ಕೈಕೊಡಬಾರದು, ನನ್ನ ಕೈಯಲ್ಲಿ ಆಗಲಿಲ್ಲ, ನೀವು ಮಾಡಿ ಎಂದರಂತೆ. ಇಮಾಮ್‌ಸಾಬರು ಹುಬ್ಬಳ್ಳಿಯಿಂದ ಸಾಮಾನು ತರಿಸಿದರು. ಕೆಲಸ ಮುಗಿಯುವ ತನಕ ಎರಡು ದಿನ ಮಾವನವರು ಗ್ಯಾರೇಜಿನ ಬಾಗಿಲಲ್ಲಿ ಕಲ್ಲಿನ ಮೇಲೆ ಕೂತಿದ್ದರು. ಒಂದು ಸಲವೂ ಎದ್ದು ಬಂದು ಹೀಗೆ ಮಾಡಿ, ಹಾಗೆ ಮಾಡಿ ಎನ್ನಲಿಲ್ಲ. ಬೇರೆ ಯಾವ ಗಿರಾಕಿಯೂ ಅಷ್ಟು ಸುಮ್ಮನೆ ಕೂತದ್ದನ್ನು ತಾವು ಕಂಡಿಲ್ಲ ಎಂದರು ಇಮಾಮ್‌ಸಾಬರು. ಎರಡನೇ ಗೇರು ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಬೀಳುತ್ತಿತ್ತಂತೆ.

ನಾನು ಅಲ್ಲಿದ್ದ ಟಾಯರಿನ ಮೇಲೆ ಕೂತೆ. ಅವರು ಒಂದು ಗ್ಲಾಸು ಚಹಾ ತರಿಸಿ ನನ್ನ ಕೈಗೆ ಕೊಟ್ಟರು.

"ಹೋದ ತಿಂಗಳೂ ಬಂದಿದ್ರು" ಎಂದರು. "ಪೆಟ್ಟಿಗಿ ವಾರಕ್ಕೊಮ್ಮೆ ಬಿಚ್ಚಿದ್ರ ಏನಾರ ಕೆಡ್ತದೇನು ಅಂತ ಕೇಳಿದ್ರು. ಚಲೋ ಇರೂದನ್ನ ಯಾಕ ಬಿಚ್ತೀರಿ ಅಂದೆ. ಮಗಳ ಮನ್ಯಾಗ ಕೆಲಸ ಐತಿ ಅಂದ್ರು."

ಆ ಚಹಾ ನಾನು ಕುಡಿದೆನೋ ಇಲ್ಲವೋ ನೆನಪಿಲ್ಲ.

ಪರೀಕ್ಷೆ ಮುಗಿಸಿ ಶನಿವಾರ ಮಧ್ಯಾಹ್ನ ಮನೆಗೆ ಬಂದೆ. ಹೆಂಡತಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಹೇಳಲೋ ಬೇಡವೋ ಎಂದು ಎರಡು ಸಲ ಒಳಗೆ ಹೊರಗೆ ಹೋಗಿ ಬಂದು, ಕೊನೆಗೆ ಎದುರು ಕೂತು, ಇಮಾಮ್‌ಸಾಬರು ಹೇಳಿದ್ದನ್ನೆಲ್ಲ ಹೇಳಿದೆ. ಅವಳು ಕೈ ನಿಲ್ಲಿಸಲಿಲ್ಲ.

"ನಂಗ ಗೊತ್ತಿತ್ರಿ" ಎಂದಳು. "ಮೊದಲನೇ ವಾರಾನ ಗೊತ್ತಾತು. ಹಲ್ಲು ಹೊಸಾವು ಅದಾವು. ಗಡಿಯಾರದ ಅಂಗಡ್ಯಾಗ ಬೆಳದಾಕಿಗೆ ಅಷ್ಟೂ ತಿಳಿಯೂದಿಲ್ಲೇನು?"

ಮತ್ತೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

ಅವಳು ಮೊರವನ್ನು ಕೆಳಗಿಟ್ಟಳು. ನಿಧಾನವಾಗಿ, ನಾನು ಅದುವರೆಗೂ ಕೇಳದೆ ಇದ್ದದ್ದನ್ನು ಹೇಳಿದಳು. ಆ ದಿನ ಅಪ್ಪ ಡಾಕ್ಟರನ್ನು ಗಾಡಿಯ ಹಿಂದೆ ಕೂರಿಸಿಕೊಂಡು ಬಂದಿದ್ದರು. ಗಾಡಿ ಎಲ್ಲಿಯೂ ನಿಂತಿರಲಿಲ್ಲ, ಅವರು ಎಲ್ಲಿಯೂ ತಡ ಮಾಡಿರಲಿಲ್ಲ. ಡಾಕ್ಟರು ಕೈತೊಳೆದುಕೊಂಡು ಹೊರಟ ಮೇಲೆ ಅಪ್ಪ ಅಂಗಳಕ್ಕೆ ಹೋಗಿ, ಗಾಡಿಯ ಪಕ್ಕ ನಿಂತು, ಅದರ ಮೈಯನ್ನು ಒರೆಸುತ್ತಲೇ ಇದ್ದರು. ಅವಳು ಕಿಟಕಿಯಿಂದ ನೋಡುತ್ತಿದ್ದಳು. ಬೆಳಗಿನ ಬಿಸಿಲು ಮಧ್ಯಾಹ್ನದ್ದಾದರೂ ಅವರು ಒರೆಸುವುದನ್ನು ನಿಲ್ಲಿಸಿರಲಿಲ್ಲ.

"ಅಪ್ಪಗೂ ಕೈಗೆ ಏನಾರ ಕೆಲಸ ಬೇಕಾಗಿತ್ರಿ" ಎಂದಳು.

ಮರುದಿನ ಭಾನುವಾರ. ಹತ್ತು ಗಂಟೆಯ ಸುಮಾರಿಗೆ ಮಾವನವರು ಬಂದರು. ಗಾಡಿಯನ್ನು ಸ್ಟ್ಯಾಂಡಿಗೆ ಹಾಕಿ, ನನ್ನ ಮುಖ ನೋಡದೆ, ಎರಡನೆಯದು ಇವತ್ತು ಸ್ವಲ್ಪ ಬಿಗಿಯಾಗಿದೆ ಎಂದು ಸುರುಮಾಡಿದರು. ನಾನು ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಹೆಂಡತಿ ಒಳಗಿನಿಂದ ಬಂದಳು. ಹೊರಗೆ ಹೋಗುವ ಸೀರೆ ಉಟ್ಟಿದ್ದಳು, ಕೈಯಲ್ಲಿ ಬಟ್ಟೆಯ ಸಣ್ಣ ಚೀಲವಿತ್ತು.

"ಇವತ್ತ ಬಿಚ್ಚೂದು ಬ್ಯಾಡಪ್ಪಾ" ಎಂದಳು. "ನನ್ನ ಮನಿಗೆ ಕರಕೊಂಡು ಹೋಗ್ರಿ. ಅವ್ವನ್ನ ನೋಡಬೇಕು."

ಮಾವನವರು ನನ್ನನ್ನು ನೋಡಿದರು. ನಾನು ತಲೆಯಾಡಿಸಿದೆ. ಅವರು ಹೆಗಲ ಮೇಲಿನ ವಸ್ತ್ರ ತೆಗೆದು ಹಿಂದಿನ ಸೀಟನ್ನು ಒರೆಸಿದರು. ಒರೆಸಿದ್ದು ಸಾಲದೆಂಬಂತೆ ಅದನ್ನೇ ಮಡಚಿ ಸೀಟಿನ ಮೇಲೆ ಹಾಸಿದರು. ಅವಳು ಒಂದೇ ಬದಿಗೆ ಕಾಲು ಹಾಕಿ ಕೂತು, ಚೀಲವನ್ನು ಮಡಿಲಲ್ಲಿಟ್ಟುಕೊಂಡು, ಅವರ ಹೆಗಲು ಹಿಡಿದಳು.

ನಮ್ಮ ಮನೆ ದಾಟಿದೊಡನೆ ಒಂದು ಏರಿದೆ. ನಾನು ಗೇಟಿನ ಹತ್ತಿರ ನಿಂತಿದ್ದೆ. ಒಂದನೇ ಗೇರಿನಲ್ಲಿ ಗಾಡಿ ಏರಿನ ಬುಡ ಮುಟ್ಟಿತು. ಅಲ್ಲಿ ಸದ್ದು ಒಂದು ಕ್ಷಣ ತಗ್ಗಿತು. ಆಮೇಲೆ ಎರಡನೆಯದು ಬಿತ್ತು. ಎಷ್ಟು ಮೆತ್ತಗೆ ಬಿತ್ತೆಂದರೆ ಅವರಿಬ್ಬರಲ್ಲಿ ಯಾರ ತಲೆಯೂ ಅಲುಗಲಿಲ್ಲ. ಗಾಡಿ ಅದೇ ಗೇರಿನಲ್ಲಿ ಏರನ್ನೆಲ್ಲ ಹತ್ತಿ, ಮೇಲೆ ಮುಟ್ಟಿ, ಮೂರನೆಯದಕ್ಕೆ ಹೋಗಿ, ತಿರುವಿನಲ್ಲಿ ಮರೆಯಾಯಿತು. ನಾಲ್ಕನೆಯದೂ ಬಿದ್ದದ್ದು ಕೇಳಿಸುವ ತನಕ ನಾನು ಅಲ್ಲೇ ನಿಂತಿದ್ದೆ.